ಮೊದಲು ಕಿರ್ದಿ, ಆಮೇಲೆ ಖಾತೆ: ಟೇಬಲ್‌ಸ್ಪೇಸ್ ಮತ್ತು ವಹಿವಾಟು ಲಾಗ್ ಕಲಿಸುವ ಬಗೆ

ದ್ವಿತೀಯ ಪಿಯುಸಿ ಗಣಕ ವಿಜ್ಞಾನದಲ್ಲಿ ಡೇಟಾಬೇಸ್ ಪರಿಕಲ್ಪನೆ ಮತ್ತು ಎಸ್‌ಕ್ಯೂಎಲ್ ಕುರಿತ ಪಾಠಗಳಿವೆ. ಅಭ್ಯಾಸ ಬೋಧನೆಗೆ ಬರುವ ಪ್ರಶಿಕ್ಷಣಾರ್ಥಿಗಳು ಈ ಭಾಗದಿಂದ ಕೋಷ್ಟಕ, ಕೀಲಿ, ಸೆಲೆಕ್ಟ್ ಆದೇಶ ಮುಂತಾದ ಕಣ್ಣಿಗೆ ಕಾಣುವ ವಿಷಯಗಳನ್ನು ಆರಿಸಿಕೊಳ್ಳುವುದು ಸಹಜ. ಕೋಷ್ಟಕಕ್ಕೆ ಸೇರಿಸಿದ ಸಾಲು ಡಿಸ್ಕಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ, ಅದೇ ಕ್ಷಣ ಕರೆಂಟ್ ಹೋದರೆ ಅದು ಉಳಿಯುತ್ತದೆಯೇ ಎಂಬ ಪ್ರಶ್ನೆಗಳು ಮಾತ್ರ "ಸೇವ್ ಆಗುತ್ತದೆ" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಪಿಯುಸಿಯ ವಿಸ್ತರಣಾ ಪಾಠವಾಗಿ, ಡಿಪ್ಲೊಮಾ ಮತ್ತು ಬಿಸಿಎ ತರಗತಿಗಳಲ್ಲಿ ನೇರ ಪಾಠವಾಗಿ ಈ ಎರಡು ಪ್ರಶ್ನೆಗಳನ್ನು ಹೇಗೆ ಕಲಿಸಬಹುದು ಎಂಬುದೇ ಈ ಲೇಖನದ ವಿಷಯ. ಉದಾಹರಣೆಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ತಂತ್ರಾಂಶವನ್ನು ಬಳಸಲಾಗಿದೆ. ಅದು ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಬ್ ಗಣಕದಲ್ಲೂ ಓಡುತ್ತದೆ, ಅದರ ಕಡತಗಳನ್ನು ವಿದ್ಯಾರ್ಥಿಗಳು ತಾವೇ ತೆರೆದು ನೋಡಬಹುದು.

ಈ ಪಾಠ ಏಕೆ ಮುಖ್ಯ ಎಂಬುದಕ್ಕೆ ಆ ತಂತ್ರಾಂಶದ ಇತಿಹಾಸದಲ್ಲೇ ಸಾಕ್ಷಿಯಿದೆ. 2017ರಲ್ಲಿ ಬಂದ ಪೋಸ್ಟ್‌ಗ್ರೆಸ್‌ನ 10ನೇ ಆವೃತ್ತಿಯಲ್ಲಿ ಒಂದು ಫೋಲ್ಡರಿನ ಹೆಸರನ್ನು ಬದಲಿಸಲಾಯಿತು. ಅದುವರೆಗೆ ಅದು ‘ಪಿಜಿ_ಎಕ್ಸ್‌ಲಾಗ್’ ಆಗಿತ್ತು, ಅಲ್ಲಿಂದ ಮುಂದೆ ‘ಪಿಜಿ_ವಾಲ್’ ಆಯಿತು. ಕಾರಣ ಸರಳ. ಡಿಸ್ಕ್ ತುಂಬಿದಾಗ ಜಾಗ ಹುಡುಕುವವರು ಹೆಸರಿನಲ್ಲಿ ‘ಲಾಗ್’ ಎಂಬುದನ್ನು ಕಂಡು, ಇದು ಹಳೆಯ ಸಂದೇಶಗಳ ಕಡತ ಎಂದು ಭಾವಿಸಿ ಅಳಿಸಿಬಿಡುತ್ತಿದ್ದರು. ಅಳಿಸಿದ್ದು ಡೇಟಾಬೇಸಿನ ಪ್ರಾಣವನ್ನೇ. ಒಂದು ಪದದ ತಪ್ಪು ಅರ್ಥದಿಂದ ಇಷ್ಟು ಹಾನಿಯಾಗುವುದಾದರೆ ಆ ಪದವನ್ನು ಸರಿಯಾಗಿ ಕಲಿಸುವ ಹೊಣೆ ಶಿಕ್ಷಕರದು.

ಪಾಠದ ಚೌಕಟ್ಟು

ಅವಧಿ: ತಲಾ 45 ನಿಮಿಷದ 2 ತರಗತಿಗಳು, 90 ನಿಮಿಷದ 1 ಪ್ರಾಯೋಗಿಕ ತರಗತಿ.

ಪೂರ್ವಜ್ಞಾನ: ಕೋಷ್ಟಕ, ಸಾಲು, ಇನ್ಸರ್ಟ್, ಡಿಲೀಟ್, ಕಮಿಟ್ ಆದೇಶಗಳ ಪರಿಚಯ, ಮುಖ್ಯ ಸ್ಮೃತಿ ಮತ್ತು ಡಿಸ್ಕಿನ ವ್ಯತ್ಯಾಸ.

ಬೋಧನೋಪಕರಣಗಳು: 2 ಸ್ಲೇಟು, 2 ನೋಟ್‌ಬುಕ್, ಕಪ್ಪುಹಲಗೆ, ಪೋಸ್ಟ್‌ಗ್ರೆಸ್ ಇರುವ ಗಣಕಗಳು.

ಪಾಠದ ಕೊನೆಗೆ ವಿದ್ಯಾರ್ಥಿಯು:
1. ಟೇಬಲ್‌ಸ್ಪೇಸ್ ಯಾವ ಪ್ರಶ್ನೆಗೆ ಉತ್ತರ, ಲಾಗ್ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಬೇರ್ಪಡಿಸಿ ಹೇಳುವನು.
2. ಒಂದು ವಹಿವಾಟಿನಲ್ಲಿ ಲಾಗ್, ಕಮಿಟ್, ದತ್ತಾಂಶದ ಪುಟ ಇವು ಡಿಸ್ಕಿಗೆ ಸೇರುವ ಕ್ರಮವನ್ನು ಕಾರಣಸಹಿತ ವಿವರಿಸುವನು.
3. ಕೊಟ್ಟ ಲಾಗ್ ಸಾಲುಗಳಿಂದ ಅಪಘಾತದ ನಂತರದ ಶಿಲ್ಕುಗಳನ್ನು ಲೆಕ್ಕಹಾಕುವನು.
4. ಲಾಗ್ ಬೆಳೆಯುತ್ತಲೇ ಹೋದರೆ ಕಾರಣ ಹುಡುಕುವ ಹೆಜ್ಜೆಗಳನ್ನು ಪಟ್ಟಿಮಾಡುವನು.

ಎರಡನೆಯ ಉದ್ದೇಶವೇ ಪಾಠದ ತಿರುಳು. ಉಳಿದ ಮೂರೂ ಅದರ ಮೇಲೆ ನಿಂತಿವೆ. ಸಮಯ ಸಾಲದಿದ್ದರೆ ಬೇರೆ ಯಾವುದನ್ನಾದರೂ ಮೊಟಕುಗೊಳಿಸಬಹುದು, ಇದನ್ನಲ್ಲ.

ವಿಷಯ ವಿಶ್ಲೇಷಣೆ: ಎಲ್ಲಿ ಇಡುವುದು?

ಪೋಸ್ಟ್‌ಗ್ರೆಸ್ ತನ್ನ ಕೋಷ್ಟಕಗಳನ್ನು 8 ಕಿಲೋಬೈಟಿನ ಪುಟಗಳಾಗಿ ಇಡುತ್ತದೆ. ಪುಟಗಳು ಸೇರಿ ಕಡತವಾಗುತ್ತವೆ. ಕಡತ 1 ಗಿಗಾಬೈಟ್ ಮುಟ್ಟಿದರೆ ಅದೇ ಕೋಷ್ಟಕಕ್ಕೆ ಇನ್ನೊಂದು ಕಡತ ತೆರೆಯುತ್ತದೆ. ಈ ಕಡತಗಳು ಯಾವ ಫೋಲ್ಡರಿನಲ್ಲಿ, ಯಾವ ಡಿಸ್ಕಿನಲ್ಲಿ ಇರಬೇಕು ಎಂದು ಹೇಳುವ ಏರ್ಪಾಡೇ ಟೇಬಲ್‌ಸ್ಪೇಸ್. ಪೋಸ್ಟ್‌ಗ್ರೆಸ್‌ಗೆ ಈ ಸೌಲಭ್ಯ ಬಂದದ್ದು 2005ರ 8.0 ಆವೃತ್ತಿಯಲ್ಲಿ. ಹೊಸದಾಗಿ ಸ್ಥಾಪಿಸಿದಾಗಲೇ ಎರಡು ಟೇಬಲ್‌ಸ್ಪೇಸ್ ಇರುತ್ತವೆ: ಸಾಮಾನ್ಯ ಕೋಷ್ಟಕಗಳಿಗೆ ‘ಪಿಜಿ_ಡಿಫಾಲ್ಟ್’, ಎಲ್ಲ ಡೇಟಾಬೇಸುಗಳಿಗೂ ಸೇರಿದ ಹಂಚಿಕೆಯ ಕೋಷ್ಟಕಗಳಿಗೆ ‘ಪಿಜಿ_ಗ್ಲೋಬಲ್’.

ಹೊಸ ಟೇಬಲ್‌ಸ್ಪೇಸ್ ಏಕೆ ಬೇಕು? ಎರಡು ಕಾರಣ ಸಾಕು. ಇರುವ ಡಿಸ್ಕ್ ತುಂಬುತ್ತ ಬಂದು ಅದನ್ನು ಹಿಗ್ಗಿಸಲು ಆಗದಿದ್ದರೆ ಬೇರೆ ಡಿಸ್ಕಿನಲ್ಲಿ ಜಾಗ ತೋರಿಸಬಹುದು. ಮತ್ತೆಮತ್ತೆ ಓದುವ ಸೂಚಿಯನ್ನು ವೇಗದ ಡಿಸ್ಕಿನಲ್ಲೂ ಅಪರೂಪಕ್ಕೆ ನೋಡುವ ಹಳೆಯ ವರ್ಷಗಳ ದಾಖಲೆಯನ್ನು ಅಗ್ಗದ ನಿಧಾನದ ಡಿಸ್ಕಿನಲ್ಲೂ ಇಡಬಹುದು. ದಿನಸಿ ಅಂಗಡಿಯಲ್ಲಿ ದಿನವೂ ಮಾರುವ ಸಾಮಾನು ಕೈಗೆಟಕುವ ಕಪಾಟಿನಲ್ಲಿ, ಹಬ್ಬಕ್ಕೆ ಬೇಕಾದದ್ದು ಅಟ್ಟದ ಮೇಲೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಟೇಬಲ್‌ಸ್ಪೇಸ್ ಬೇರೆ ಡಿಸ್ಕಿನಲ್ಲಿದೆ ಎಂದಮಾತ್ರಕ್ಕೆ ಅದು ಸ್ವತಂತ್ರ ಪೆಟ್ಟಿಗೆಯಲ್ಲ. ಆ ಫೋಲ್ಡರನ್ನು ನಕಲು ಮಾಡಿಕೊಂಡು ಹೋಗಿ ಇನ್ನೊಂದು ಸರ್ವರಿಗೆ ಜೋಡಿಸಲು ಆಗುವುದಿಲ್ಲ. ಕೋಷ್ಟಕದ ವಿವರಗಳು ಮುಖ್ಯ ಫೋಲ್ಡರಿನಲ್ಲಿರುತ್ತವೆ. ಟೇಬಲ್‌ಸ್ಪೇಸ್ ಕಳೆದುಹೋದರೆ ಇಡೀ ಸರ್ವರ್ ಏಳದೆ ಹೋಗುವ ಸಂಭವವೂ ಇದೆ. ಆರಿಹೋಗುವ ಸ್ಮೃತಿಯ ಮೇಲೆ ಟೇಬಲ್‌ಸ್ಪೇಸ್ ಇಡುವುದು ಇದೇ ಕಾರಣಕ್ಕೆ ಅಪಾಯ.

ವಿಷಯ ವಿಶ್ಲೇಷಣೆ: ಯಾವಾಗ ಉಳಿಯಿತು ಎನ್ನುವುದು?

ಎಲ್ಲಿ ಎಂಬ ಪ್ರಶ್ನೆಗಿಂತ ಕಷ್ಟವಾದದ್ದು ಯಾವಾಗ ಎಂಬ ಪ್ರಶ್ನೆ. ಬದಲಾದ ಪುಟ ಮೊದಲು ಮುಖ್ಯ ಸ್ಮೃತಿಯಲ್ಲಿರುತ್ತದೆ. ಪ್ರತಿ ಕಮಿಟ್‌ಗೂ ಡಿಸ್ಕಿನ ಬೇರೆಬೇರೆ ಮೂಲೆಗಳಲ್ಲಿರುವ ಪುಟಗಳನ್ನೆಲ್ಲ ಹುಡುಕಿ ಬರೆಯುತ್ತ ಕುಳಿತರೆ ಕೆಲಸ ಸಾಗುವುದಿಲ್ಲ. ಬರೆಯದೆ ಬಿಟ್ಟರೆ ಕರೆಂಟ್ ಹೋದ ಕೂಡಲೇ ಎಲ್ಲ ಹೋಯಿತು.

ಇದಕ್ಕೆ ಕಂಡುಕೊಂಡ ಉಪಾಯ ವ್ಯಾಪಾರಿಗಳಿಗೆ ಹೊಸದಲ್ಲ. ಅಂಗಡಿಯಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಕಿರ್ದಿಯಲ್ಲಿ ಬರೆದಿಡುತ್ತಾರೆ. ಬಿಡುವಾದಾಗ ಅದನ್ನು ಆಯಾ ಗಿರಾಕಿಯ ಖಾತೆಗೆ ಏರಿಸುತ್ತಾರೆ. ಡೇಟಾಬೇಸಿನ ಕಿರ್ದಿಯೇ ವಹಿವಾಟು ಲಾಗ್. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ ರೈಟ್ ಅಹೆಡ್ ಲಾಗ್, ಅಂದರೆ ಮುಂಚಿತವಾಗಿ ಬರೆಯುವ ಲಾಗ್ ಎಂದು ಹೆಸರು, ಚುಟುಕಾಗಿ ವಾಲ್. 2001ರ 7.1 ಆವೃತ್ತಿಯಿಂದ ಇದು ಅಲ್ಲಿದೆ. ನಿಯಮಗಳು ಎರಡು:

ಒಂದು: ಪುಟದ ಬದಲಾವಣೆಯನ್ನು ಹೇಳುವ ಲಾಗ್ ಸಾಲು ಡಿಸ್ಕಿಗೆ ಸೇರುವ ಮುನ್ನ ಆ ಪುಟವನ್ನು ಡಿಸ್ಕಿಗೆ ಬರೆಯಬಾರದು.

ಎರಡು: ಕಮಿಟ್ ಎಂಬ ಲಾಗ್ ಸಾಲು ಡಿಸ್ಕಿಗೆ ಸೇರಿದ ಮೇಲೆಯೇ ಬಳಕೆದಾರನಿಗೆ "ಆಯಿತು" ಎಂದು ಹೇಳಬೇಕು.

ಈ ಎರಡು ನಿಯಮ ಪಾಲಿಸಿದರೆ ದತ್ತಾಂಶದ ಪುಟ ಯಾವಾಗ ಬರೆದರೂ ನಡೆಯುತ್ತದೆ. ಲಾಗ್ ಒಂದರ ಹಿಂದೆ ಒಂದು ಸಾಲಾಗಿ ಬರೆಯುವ ಕಡತವಾದ್ದರಿಂದ ಬರೆಯುವ ಕೆಲಸವೂ ಚುರುಕು. ಲಾಗ್ ಎಂದರೆ ಆಗಿಹೋದದ್ದರ ವರದಿಯಲ್ಲ. ಬಳಕೆದಾರನಿಗೆ ಕೊಟ್ಟ ಮಾತಿನ ಬರಹರೂಪ. ಈ ವಾಕ್ಯವನ್ನು ಹಲಗೆಯ ಮೇಲೆ ಬರೆದಿಡಬೇಕು.

ಪೋಸ್ಟ್‌ಗ್ರೆಸ್ ಈ ಲಾಗನ್ನು ಸಾಮಾನ್ಯವಾಗಿ 16 ಮೆಗಾಬೈಟಿನ ತುಂಡು ಕಡತಗಳಾಗಿ ಇಡುತ್ತದೆ. ಆಗಾಗ ಚೆಕ್‌ಪಾಯಿಂಟ್ ನಡೆಯುತ್ತದೆ: ಅಲ್ಲಿಯವರೆಗೆ ಬದಲಾದ ಪುಟಗಳೆಲ್ಲ ಡಿಸ್ಕಿಗೆ ಸೇರಿ, "ಇಲ್ಲಿಯವರೆಗೆ ಖಾತೆಗೆ ಏರಿದೆ" ಎಂಬ ಗುರುತು ಬೀಳುತ್ತದೆ. ಪೂರ್ವನಿಗದಿಯ ಪ್ರಕಾರ ಇದು 5 ನಿಮಿಷಕ್ಕೊಮ್ಮೆ, ಇಲ್ಲವೇ ಲಾಗಿನ ಗಾತ್ರ 1 ಗಿಗಾಬೈಟಿನ ಮಿತಿಯತ್ತ ಬಂದಾಗ ನಡೆಯುತ್ತದೆ. ಗುರುತಿಗಿಂತ ಹಿಂದಿನ ತುಂಡುಗಳು ಬೇರೆ ಯಾರಿಗೂ ಬೇಡವಾಗಿದ್ದರೆ ಅವನ್ನು ಪೋಸ್ಟ್‌ಗ್ರೆಸ್ ತಾನೇ ಅಳಿಸುತ್ತದೆ ಅಥವಾ ಹೊಸ ಹೆಸರಿಟ್ಟು ಮತ್ತೆ ಬಳಸುತ್ತದೆ. ಆ 1 ಗಿಗಾಬೈಟ್ ಕಟ್ಟುನಿಟ್ಟಿನ ಗೋಡೆಯಲ್ಲ, ಮೀರಬಹುದಾದ ಗುರಿ ಎಂಬುದನ್ನು ಶಿಕ್ಷಕರು ನೆನಪಿಡಬೇಕು.

ಮೊದಲ ತರಗತಿ: ಸ್ಲೇಟು ಮತ್ತು ನೋಟ್‌ಬುಕ್ ಆಟ

ವ್ಯಾಖ್ಯೆಯಿಂದ ಆರಂಭಿಸುವುದು ಬೇಡ. ನಾಲ್ವರು ವಿದ್ಯಾರ್ಥಿಗಳನ್ನು ಮುಂದಕ್ಕೆ ಕರೆಯಿರಿ. ಸ್ಲೇಟು ಎಂದರೆ ಮುಖ್ಯ ಸ್ಮೃತಿ. ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ನೋಟ್‌ಬುಕ್ ಎಂದರೆ ಡಿಸ್ಕ್, ಬರೆದದ್ದು ಉಳಿಯುತ್ತದೆ. ಒಬ್ಬರು ಖಾತೆಯ ನೋಟ್‌ಬುಕ್ ನೋಡಿಕೊಳ್ಳಲಿ, ಒಬ್ಬರು ಕಿರ್ದಿಯದು, ಒಬ್ಬರು ಸ್ಲೇಟುಗಳದು. ಇನ್ನೊಬ್ಬರು ಬ್ಯಾಂಕಿಗೆ ಬಂದ ಗಿರಾಕಿ. ಖಾತೆಯಲ್ಲಿ ಮೂರು ಶಿಲ್ಕು: ಅ 500, ಬ 300, ಕ 200. ಒಟ್ಟು 1000 ರೂಪಾಯಿ. ಈ ಒಟ್ಟು ಮೊತ್ತವನ್ನು ಹಲಗೆಯ ಮೂಲೆಯಲ್ಲಿ ಬರೆದು ಸುತ್ತು ಹಾಕಿರಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಬಹುದು, ಒಟ್ಟು ಬದಲಾಗಬಾರದು.

ಮೊದಲ ಸುತ್ತಿನಲ್ಲಿ ಕಿರ್ದಿ ಬಳಸುವುದಿಲ್ಲ. ಅ ಖಾತೆಯಿಂದ ಬ ಖಾತೆಗೆ 100 ರೂಪಾಯಿ ವರ್ಗಾಯಿಸಲು ಗಿರಾಕಿ ಹೇಳಲಿ. ಖಾತೆಗಾರ ಅ ಶಿಲ್ಕನ್ನು 400 ಎಂದು ತಿದ್ದಿದ ಕೂಡಲೇ ಶಿಕ್ಷಕರು "ಕರೆಂಟ್ ಹೋಯಿತು" ಎನ್ನಬೇಕು. ಸ್ಲೇಟುಗಳನ್ನು ಒರೆಸಿಬಿಡಬೇಕು.

ಶಿಕ್ಷಕ: ಈಗ ಖಾತೆ ಪುಸ್ತಕ ಓದಿ.
ವಿದ್ಯಾರ್ಥಿ: ಅ 400, ಬ 300, ಕ 200.
ಶಿಕ್ಷಕ: ಒಟ್ಟು?
ವಿದ್ಯಾರ್ಥಿ: 900.
ಶಿಕ್ಷಕ: ಕಾಣೆಯಾದ 100 ರೂಪಾಯಿ ಯಾರದು? ಪುಸ್ತಕ ನೋಡಿ ಹೇಳಲು ಆಗುತ್ತದೆಯೇ?

ಆಗುವುದಿಲ್ಲ. ನಷ್ಟವಾಗಿದೆ ಎಂಬುದಷ್ಟೇ ಗೊತ್ತು. ವರ್ಗಾವಣೆ ಅರ್ಧಕ್ಕೆ ನಿಂತಿತೋ ಅಥವಾ ಅ ಖಾತೆಯವರು 100 ರೂಪಾಯಿ ನಗದು ಪಡೆದರೋ ಖಾತೆ ಹೇಳಲಾರದು. ಇಲ್ಲಿ ಶಿಕ್ಷಕರು ಅವಸರ ಮಾಡಬಾರದು. "ಏನು ಮಾಡಿದ್ದರೆ ಇದು ತಪ್ಪುತ್ತಿತ್ತು?" ಎಂದು ಕೇಳಿ ಕಾಯಬೇಕು. "ಎರಡನ್ನೂ ಒಟ್ಟಿಗೆ ಬರೆಯಬೇಕಿತ್ತು" ಎಂಬ ಉತ್ತರ ಬಂದರೆ ಒಬ್ಬ ಮನುಷ್ಯ ಒಂದು ಕೈಯಲ್ಲಿ ಎರಡು ಪುಟ ಒಟ್ಟಿಗೆ ಬರೆಯಬಲ್ಲನೇ ಎಂದು ಮರುಪ್ರಶ್ನೆ ಹಾಕಬಹುದು. "ಮೊದಲೇ ಬೇರೆ ಕಡೆ ಬರೆದಿಟ್ಟುಕೊಳ್ಳಬೇಕಿತ್ತು" ಎಂಬ ಮಾತು ತರಗತಿಯಿಂದಲೇ ಬಂದರೆ ಪಾಠದ ಅರ್ಧ ಮುಗಿದಂತೆ.

ಎರಡನೇ ಸುತ್ತಿನಲ್ಲಿ ಕಿರ್ದಿ ಬರುತ್ತದೆ. ಶಿಲ್ಕುಗಳನ್ನು ಮತ್ತೆ 500, 300, 200ಕ್ಕೆ ತನ್ನಿ. ಮೂರು ವಹಿವಾಟು: ಅ ಇಂದ ಬ ಗೆ 100, ಬ ಇಂದ ಕ ಗೆ 50, ಕ ಇಂದ ಅ ಗೆ 70. ಕಿರ್ದಿ ಹೀಗೆ ಬೆಳೆಯುತ್ತದೆ:

1. ವಹಿವಾಟು 1: ಅ 400 ಆಯಿತು
2. ವಹಿವಾಟು 1: ಬ 400 ಆಯಿತು
3. ವಹಿವಾಟು 1: ಕಮಿಟ್
4. ವಹಿವಾಟು 2: ಬ 350 ಆಯಿತು
5. ವಹಿವಾಟು 2: ಕ 250 ಆಯಿತು
6. ವಹಿವಾಟು 2: ಕಮಿಟ್
7. ವಹಿವಾಟು 3: ಕ 180 ಆಯಿತು

ಏಳನೇ ಸಾಲಿನ ಹೊತ್ತಿಗೆ ಕರೆಂಟ್ ಹೋಯಿತು. ಅಷ್ಟರಲ್ಲಿ ಖಾತೆ ಪುಸ್ತಕಕ್ಕೆ ಏರಿದ್ದು ಅ 400 ಮಾತ್ರ. ಬ ಇನ್ನೂ 300, ಕ ಇನ್ನೂ 200. ಸ್ಲೇಟು ಖಾಲಿ. ಈಗ ಖಾತೆಗಾರ ಕಿರ್ದಿಯನ್ನು ಮೊದಲಿನಿಂದ ಓದುತ್ತ, ಕಮಿಟ್ ಆದ ವಹಿವಾಟುಗಳನ್ನು ಮಾತ್ರ ಖಾತೆಗೆ ಏರಿಸಲಿ. ಅ 400, ಬ 350, ಕ 250. ಒಟ್ಟು 1000. ಮೂರನೇ ವಹಿವಾಟಿನ ಗಿರಾಕಿಗೆ "ಆಯಿತು" ಎಂಬ ಮಾತು ಸಿಕ್ಕಿರಲಿಲ್ಲ. ಆದ್ದರಿಂದ ಅದನ್ನು ಬಿಟ್ಟರೆ ಯಾರಿಗೂ ಮಾತು ತಪ್ಪಿದಂತಾಗದು.

ಇಲ್ಲಿ ಕೇಳಬೇಕಾದ ಮೂರು ಪ್ರಶ್ನೆಗಳು:

ಮೊದಲನೆಯದು: ಖಾತೆಗೆ ಏರಿಸುತ್ತಿರುವಾಗಲೇ ಮತ್ತೆ ಕರೆಂಟ್ ಹೋದರೆ? ಮತ್ತೆ ಮೊದಲಿನಿಂದ ಓದಿದರಾಯಿತು. "ಬ 400 ಆಯಿತು" ಎಂದು ಎರಡು ಸಲ ಬರೆದರೂ ಅದು 400 ಆಗಿಯೇ ಇರುತ್ತದೆ. "100 ಕೂಡಿಸು" ಎಂದು ಬರೆದಿದ್ದರೆ ಎರಡನೇ ಸಲ 500 ಆಗಿಬಿಡುತ್ತಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಲಾಗ್ ದಾಖಲೆಗೂ ಅದರ ಸ್ಥಾನ ಹೇಳುವ ಸಂಖ್ಯೆಯಿದೆ. ಪ್ರತಿ ಪುಟದಲ್ಲೂ ಅದಕ್ಕೆ ಕೊನೆಯದಾಗಿ ಏರಿದ ದಾಖಲೆಯ ಸಂಖ್ಯೆ ಇರುತ್ತದೆ. ಹಾಗಾಗಿ ಏರಿದ್ದು ಯಾವುದು, ಏರದ್ದು ಯಾವುದು ಎಂಬ ಗೊಂದಲವಿಲ್ಲ.

ಎರಡನೆಯದು: ಕಿರ್ದಿ ಬರೆಯುವ ಮುನ್ನವೇ ಖಾತೆ ತಿದ್ದಿದರೆ? ಮೊದಲ ಸುತ್ತಿನ ಕಥೆಯೇ ಮರಳುತ್ತದೆ. ಇದೇ ಮೊದಲ ನಿಯಮದ ಕಾರಣ.

ಮೂರನೆಯದು: ಖಾತೆಗೆ ಏರುವ ಮುನ್ನ ಯಾರಾದರೂ ಕಿರ್ದಿಯ ಪುಟ ಹರಿದರೆ? ಬ ಮತ್ತು ಕ ಖಾತೆಯ ಸರಿಯಾದ ಶಿಲ್ಕು ಎಲ್ಲಿಯೂ ಇಲ್ಲ. ಲಾಗ್ ಕಡತ ಅಳಿಸುವುದು ಎಂದರೆ ಇದೇ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ: "ಕಮಿಟ್ ಆಗದ್ದನ್ನು ಬಿಡು" ಎಂಬುದು ಆಟಕ್ಕಾಗಿ ಮಾಡಿಕೊಂಡ ಸರಳೀಕರಣ. ಪೋಸ್ಟ್‌ಗ್ರೆಸ್ ಲಾಗಿನಲ್ಲಿರುವ ಎಲ್ಲವನ್ನೂ ಪುಟಗಳಿಗೆ ಏರಿಸುತ್ತದೆ. ಕಮಿಟ್ ಇಲ್ಲದ ವಹಿವಾಟಿನ ಸಾಲು ಪುಟದಲ್ಲಿದ್ದರೂ ಯಾರಿಗೂ ಕಾಣುವುದಿಲ್ಲ. ಇನ್ನು ಕೆಲವು ತಂತ್ರಾಂಶಗಳು ಮೊದಲು ಎಲ್ಲವನ್ನೂ ಏರಿಸಿ, ಆಮೇಲೆ ಕಮಿಟ್ ಆಗದ್ದನ್ನು ಹಿಂದಕ್ಕೆ ತಿರುಗಿಸುತ್ತವೆ. ಈ ಎರಡನೇ ಬಗೆಯನ್ನು ವ್ಯವಸ್ಥಿತವಾಗಿ ವಿವರಿಸಿದ್ದು ಐಬಿಎಂನಲ್ಲಿದ್ದ ಸಿ. ಮೋಹನ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ ಏರೀಸ್ ಎಂಬ ವಿಧಾನ. ಮೋಹನ್ ಮದ್ರಾಸಿನ ಐಐಟಿಯಲ್ಲಿ ಓದಿದವರು ಎಂಬುದನ್ನೂ ತರಗತಿಗೆ ತಿಳಿಸಬಹುದು.

ಎರಡನೇ ತರಗತಿ: ಲಾಗ್ ಏಕೆ ಬೆಳೆಯುತ್ತದೆ?

ಹಿಂದಿನ ದಿನದ ಕಿರ್ದಿಯನ್ನೇ ಮುಂದಿಟ್ಟುಕೊಳ್ಳಿ. ಎಲ್ಲವೂ ಖಾತೆಗೆ ಏರಿದ ಮೇಲೆ ಕೆಳಗೊಂದು ಗೆರೆ ಎಳೆದು ಚೆಕ್‌ಪಾಯಿಂಟ್ ಎಂದು ಬರೆಯಿರಿ. ಗೆರೆಯ ಮೇಲಿನ ಪುಟಗಳು ಇನ್ನು ಬೇಕೇ ಎಂದು ಕೇಳಿ. ಹೆಚ್ಚಿನವರು ಬೇಡ ಎನ್ನುತ್ತಾರೆ. ಆಗ ಹೊಸ ಇಬ್ಬರನ್ನು ಕರೆತನ್ನಿ: ಒಬ್ಬ ಬೇರೆ ಊರಿನ ಶಾಖೆಯವನು, ಇದೇ ಕಿರ್ದಿಯನ್ನು ನೋಡಿ ತನ್ನ ಖಾತೆಯನ್ನು ಸರಿಮಾಡಿಕೊಳ್ಳುವವನು, ಇನ್ನೊಬ್ಬ ಕಿರ್ದಿಯ ಪ್ರತಿ ಪುಟವನ್ನೂ ನಕಲು ಮಾಡಿ ಭದ್ರ ಕೊಠಡಿಯಲ್ಲಿ ಇಡುವವನು. ಶಾಖೆಯವನು ನಾಲ್ಕು ದಿನ ಬರಲಿಲ್ಲ, ನಕಲುಗಾರನ ಶಾಯಿ ಮುಗಿದಿದೆ. ಈಗ ಪುಟ ಹರಿಯಬಹುದೇ?

ಹರಿಯುವಂತಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್ ಕಡತಗಳು ರಾಶಿಬೀಳುವ ಸಾಮಾನ್ಯ ಕಾರಣಗಳು ಇವೇ. ಶಾಖೆಯವನು ಎಂದರೆ ಪ್ರತಿರೂಪ ಸರ್ವರ್. ಅವನಿಗಾಗಿ ಲಾಗನ್ನು ತಡೆದಿಡುವ ಗುರುತಿಗೆ ರೆಪ್ಲಿಕೇಶನ್ ಸ್ಲಾಟ್ ಎನ್ನುತ್ತಾರೆ. ನಕಲುಗಾರ ಎಂದರೆ ಆರ್ಕೈವ್ ಆದೇಶ. ಅದು ಸೋಲುತ್ತಿದ್ದರೆ ನಕಲಾಗದ ತುಂಡನ್ನು ಸರ್ವರ್ ಅಳಿಸುವುದಿಲ್ಲ. ಹೀಗಾಗಿ ಲಾಗ್ ತುಂಬಿದಾಗ ಕೇಳಬೇಕಾದ ಪ್ರಶ್ನೆ "ಯಾವುದನ್ನು ಅಳಿಸಲಿ?" ಎಂಬುದಲ್ಲ, "ಇದು ಇನ್ನೂ ಯಾರಿಗೆ ಬೇಕಾಗಿದೆ?" ಎಂಬುದು. ಕಾರಣವನ್ನು ಸರಿಪಡಿಸಿದರೆ ಮುಂದಿನ ಚೆಕ್‌ಪಾಯಿಂಟುಗಳಲ್ಲಿ ಸರ್ವರ್ ತಾನೇ ಜಾಗ ಬಿಡಿಸಿಕೊಳ್ಳುತ್ತದೆ. ಸ್ಲಾಟ್ ಎಷ್ಟು ಲಾಗನ್ನು ತಡೆದಿಡಬಹುದು ಎಂಬುದಕ್ಕೆ ಮಿತಿ ಹಾಕುವ ಸೌಲಭ್ಯ 13ನೇ ಆವೃತ್ತಿಯಿಂದ ಇದೆ.

ತುಂಬಿಹೋದರೆ ಏನಾಗುತ್ತದೆ ಎಂಬುದರಲ್ಲೂ ವ್ಯತ್ಯಾಸವಿದೆ. ಟೇಬಲ್‌ಸ್ಪೇಸಿನ ಡಿಸ್ಕ್ ಮಾತ್ರ ತುಂಬಿದರೆ ಅಲ್ಲಿಗೆ ಹೊಸ ಸಾಲು ಸೇರಿಸುವ ವಹಿವಾಟು ವಿಫಲವಾಗುತ್ತದೆ. ಇರುವ ದತ್ತಾಂಶ ಕೆಡುವುದಿಲ್ಲ. ಲಾಗಿನ ಡಿಸ್ಕ್ ತುಂಬಿದರೆ ಇಡೀ ಸರ್ವರ್ ನಿಂತುಬಿಡುತ್ತದೆ. ಕಮಿಟ್ ಆದದ್ದು ಹೋಗುವುದಿಲ್ಲ, ಆದರೆ ಜಾಗ ಸಿಗುವವರೆಗೆ ಬಾಗಿಲು ತೆರೆಯುವುದಿಲ್ಲ. ಮಾತು ಬರೆದಿಡಲು ಕಾಗದವಿಲ್ಲದಿದ್ದರೆ ಮಾತು ಕೊಡಲೂ ಆಗದು. ಲಾಗಿಗೆ ಪ್ರತ್ಯೇಕ ಡಿಸ್ಕ್ ಇಡುವುದು ಇದಕ್ಕೇ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್ ಯಾವ ಟೇಬಲ್‌ಸ್ಪೇಸಿಗೂ ಸೇರಿದ್ದಲ್ಲ; ಸ್ಥಾಪಿಸುವಾಗಲೇ ಬೇರೆ ಜಾಗ ತೋರಿಸಬೇಕು, ಇಲ್ಲವೇ ಸರ್ವರ್ ನಿಲ್ಲಿಸಿ ಫೋಲ್ಡರನ್ನು ಸ್ಥಳಾಂತರಿಸಿ ಕೊಂಡಿ ಹಾಕಬೇಕು.

ಇದೇ ತರಗತಿಯಲ್ಲಿ ಒಂದು ಲೆಕ್ಕ ಮಾಡಿಸಿ. ನಿಮಿಷಕ್ಕೆ 16 ಮೆಗಾಬೈಟಿನ ಒಂದು ತುಂಡು ಲಾಗ್ ಹುಟ್ಟುತ್ತಿದೆ. ಡಿಸ್ಕಿನಲ್ಲಿ 48 ಗಿಗಾಬೈಟ್ ಖಾಲಿಯಿದೆ. ಶುಕ್ರವಾರ ಸಂಜೆ 6ಕ್ಕೆ ಆರ್ಕೈವ್ ಆದೇಶ ಸೋಲತೊಡಗಿತು. ಗಂಟೆಗೆ 960 ಮೆಗಾಬೈಟ್, 48 ಗಿಗಾಬೈಟ್ ಎಂದರೆ 49,152 ಮೆಗಾಬೈಟ್, ಭಾಗಿಸಿದರೆ 51.2 ಗಂಟೆ. ಭಾನುವಾರ ರಾತ್ರಿ 9 ಗಂಟೆ 12 ನಿಮಿಷಕ್ಕೆ ಸರ್ವರ್ ನಿಲ್ಲುತ್ತದೆ. ಸೋಮವಾರ ಬೆಳಗ್ಗೆ ಬಂದವರಿಗೆ ಇದು ಹಠಾತ್ತನೆ ಆದದ್ದು ಎನಿಸುತ್ತದೆ. ಲೆಕ್ಕ ಮಾಡಿದ ವಿದ್ಯಾರ್ಥಿಗೆ ಎರಡು ದಿನದ ಮುನ್ಸೂಚನೆ ಇತ್ತು ಎಂಬುದು ಕಾಣುತ್ತದೆ.

ಒಂದು ನೈಜ ಪ್ರಕರಣ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಸೇವೆಯಲ್ಲಿ ನಡೆದ ಅಪಘಾತವನ್ನು ಆ ಸಂಸ್ಥೆಯೇ ವಿವರವಾಗಿ ಪ್ರಕಟಿಸಿದೆ. ಮುಖ್ಯ ಸರ್ವರಿನ ಮೇಲೆ ಹೊರೆ ಹೆಚ್ಚಾಗಿ ಪ್ರತಿರೂಪ ಸರ್ವರ್ ಹಿಂದುಳಿಯಿತು. ಅದಕ್ಕೆ ಬೇಕಾದ ಲಾಗ್ ತುಂಡುಗಳು ಅಷ್ಟರಲ್ಲಿ ಮುಖ್ಯ ಸರ್ವರಿನಿಂದ ಹೋಗಿಬಿಟ್ಟಿದ್ದವು. ಲಾಗನ್ನು ಬೇರೆಡೆ ನಕಲು ಮಾಡಿಡುವ ಏರ್ಪಾಡೂ ಇರಲಿಲ್ಲ. ಆದ್ದರಿಂದ ಪ್ರತಿರೂಪವನ್ನು ಕೈಯಾರೆ ಮೊದಲಿನಿಂದ ಕಟ್ಟಬೇಕಾಯಿತು. ಆ ಕೆಲಸದಲ್ಲಿ ಪ್ರತಿರೂಪದ ಫೋಲ್ಡರಿನ ಬದಲು ಮುಖ್ಯ ಸರ್ವರಿನ ಫೋಲ್ಡರನ್ನೇ ಅಳಿಸಲಾಯಿತು. ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಗಿಗಾಬೈಟ್. ದಿನನಿತ್ಯದ ಬ್ಯಾಕಪ್ ಆದೇಶ ಸರ್ವರಿಗಿಂತ ಹಳೆಯ ಆವೃತ್ತಿಯದಾಗಿ ಸೋಲುತ್ತಿತ್ತು. ಸೋತಿದೆ ಎಂಬ ಎಚ್ಚರಿಕೆಯ ಪತ್ರವೂ ತಲುಪುತ್ತಿರಲಿಲ್ಲ. ಕೊನೆಗೆ ಸುಮಾರು 6 ಗಂಟೆ ಹಿಂದಿನ ಪ್ರತಿಯಿಂದ ಸೇವೆಯನ್ನು ಮರುಸ್ಥಾಪಿಸಲಾಯಿತು.

ತರಗತಿಯಲ್ಲಿ ಇದನ್ನು ಒಬ್ಬ ನೌಕರನ ಕೈತಪ್ಪಿನ ಕಥೆಯಾಗಿ ಹೇಳಬಾರದು. "ಈ ಸರಪಳಿಯ ಮೊದಲ ಕೊಂಡಿ ಯಾವುದು?" ಎಂದು ಕೇಳಬೇಕು. ಲಾಗ್ ತುಂಡುಗಳು ಉಳಿದಿದ್ದರೆ ಪ್ರತಿರೂಪ ತಾನೇ ಸರಿಹೋಗುತ್ತಿತ್ತು, ಅಳಿಸುವ ಆದೇಶವೇ ಬೇಕಿರಲಿಲ್ಲ ಎಂಬಲ್ಲಿಗೆ ಚರ್ಚೆ ತಲುಪಲಿ. ಇದರಿಂದ ಇನ್ನೊಂದು ಸಮತೋಲನವೂ ಅರ್ಥವಾಗುತ್ತದೆ: ಲಾಗನ್ನು ಹೆಚ್ಚು ಹೊತ್ತು ಇಟ್ಟರೆ ಡಿಸ್ಕ್ ತುಂಬುವ ಭಯ, ಬೇಗ ಬಿಟ್ಟರೆ ಪ್ರತಿರೂಪ ತುಂಡಾಗುವ ಭಯ. ಸಂಗ್ರಹಣೆಯ ನಿರ್ವಹಣೆ ಎಂದರೆ ಈ ಎರಡರ ನಡುವೆ ಜಾಗ ಲೆಕ್ಕಹಾಕುವುದು.

ಪ್ರಾಯೋಗಿಕ ತರಗತಿ

ಚಟುವಟಿಕೆ 1: ಖಾಲಿ ಫೋಲ್ಡರ್ ಮಾಡಿ ಅದರ ಒಡೆತನವನ್ನು ಪೋಸ್ಟ್‌ಗ್ರೆಸ್ ಬಳಕೆದಾರನಿಗೆ ಕೊಟ್ಟು, ಕ್ರಿಯೇಟ್ ಟೇಬಲ್‌ಸ್ಪೇಸ್ ಆದೇಶದಿಂದ ಅದನ್ನು ನೋಂದಾಯಿಸುವುದು. ಒಂದು ಕೋಷ್ಟಕವನ್ನು ಅಲ್ಲಿಗೆ ವರ್ಗಾಯಿಸಿ, ವರ್ಗಾವಣೆಗೆ ಮುಂಚೆ ಮತ್ತು ನಂತರ ಅದರ ಕಡತದ ದಾರಿಯನ್ನು ಬರೆದುಕೊಳ್ಳುವುದು. ವರ್ಗಾವಣೆ ನಡೆಯುವಾಗ ಆ ಕೋಷ್ಟಕವನ್ನು ಬೇರೆ ಯಾರೂ ಓದಲಾರರು ಎಂಬುದನ್ನು ಇನ್ನೊಂದು ಪರದೆಯಿಂದ ಪರೀಕ್ಷಿಸಬಹುದು. ಇದಕ್ಕೆ ಕೋಷ್ಟಕ ಸ್ವಲ್ಪ ದೊಡ್ಡದಿರಬೇಕು.

ಚಟುವಟಿಕೆ 2: ಲಾಗಿನ ಈಗಿನ ಸ್ಥಾನವನ್ನು ಬರೆದುಕೊಂಡು, 1,00,000 ಸಾಲು ಸೇರಿಸಿ, ಮತ್ತೆ ಸ್ಥಾನ ನೋಡಿ ವ್ಯತ್ಯಾಸ ತೆಗೆಯುವುದು. ಬಳಿಕ ಸಮಸಂಖ್ಯೆಯ ಸಾಲುಗಳನ್ನು ಡಿಲೀಟ್ ಮಾಡಿ ಮತ್ತೆ ನೋಡುವುದು. ಅಳಿಸಿದಾಗಲೂ ಲಾಗ್ ಬೆಳೆಯುತ್ತದೆ, ಕೋಷ್ಟಕದ ಕಡತ ಕುಗ್ಗುವುದಿಲ್ಲ. ಅಳಿಸಿದ ಸಾಲುಗಳ ಜಾಗವನ್ನು ವ್ಯಾಕ್ಯೂಮ್ ಆದೇಶ ಮರುಬಳಕೆಗೆ ತೆರವು ಮಾಡುತ್ತದೆ. ಆಮೇಲೆ ಅಂಥವೇ 50,000 ಸಾಲು ಸೇರಿಸಿದರೆ ಕಡತದ ಗಾತ್ರ ಬಹುತೇಕ ಅಷ್ಟೇ ಇರುತ್ತದೆ. ಕಡತವನ್ನೇ ಕುಗ್ಗಿಸಲು ವ್ಯಾಕ್ಯೂಮ್ ಫುಲ್ ಬೇಕು; ಅದು ಹೊಸ ಪ್ರತಿ ಬರೆಯುವುದರಿಂದ ಡಿಸ್ಕಿನಲ್ಲಿ ಹೆಚ್ಚುವರಿ ಜಾಗ ಕೇಳುತ್ತದೆ. ಡಿಸ್ಕ್ ಪೂರ್ತಿ ತುಂಬಿದ ಮೇಲೆ ಇದನ್ನು ನೆನೆದು ಪ್ರಯೋಜನವಿಲ್ಲ.

ಚಟುವಟಿಕೆ 3: ಎರಡು ಪರದೆ ತೆರೆಯಿರಿ. ಒಂದರಲ್ಲಿ ವಹಿವಾಟು ಆರಂಭಿಸಿ ಸಾಲು ಸೇರಿಸಿ, ಕಮಿಟ್ ಮಾಡಬೇಡಿ. ಇನ್ನೊಂದರಲ್ಲಿ ಸಾಲು ಸೇರಿಸಿ ಕಮಿಟ್ ಮಾಡಿ. ಸರ್ವರನ್ನು ‘ಇಮಿಡಿಯೇಟ್’ ವಿಧಾನದಲ್ಲಿ ನಿಲ್ಲಿಸಿ. ಇದು ಕರೆಂಟ್ ಹೋದದ್ದಕ್ಕೆ ಸಮಾನ, ಗಣಕದ ಪ್ಲಗ್ ಕೀಳುವ ಅಗತ್ಯವಿಲ್ಲ. ಮತ್ತೆ ಆರಂಭಿಸಿದಾಗ ಸರಿಯಾಗಿ ಮುಚ್ಚಿರಲಿಲ್ಲ, ಚೇತರಿಕೆ ನಡೆಯುತ್ತಿದೆ ಎಂಬ ಅರ್ಥದ ಸಂದೇಶ ಬರುತ್ತದೆ. ಕಮಿಟ್ ಆದ ಸಾಲು ಇದೆ, ಆಗದ್ದು ಇಲ್ಲ. ಸ್ಲೇಟು ಆಟದ ಎರಡನೇ ಸುತ್ತು ಪರದೆಯ ಮೇಲೆ ನಡೆದಂತೆ. ಈ ಪ್ರಯೋಗವನ್ನು ಕಾಲೇಜಿನ ನಿಜವಾದ ದಾಖಲೆಗಳಿರುವ ಸರ್ವರಿನಲ್ಲಿ ಮಾಡಲೇಬಾರದು.

ತಿದ್ದಬೇಕಾದ ತಪ್ಪು ಕಲ್ಪನೆಗಳು

"ಎಲ್ಲ ಲಾಗ್ ಒಂದೇ." ಮೂರನೇ ಚಟುವಟಿಕೆಯಲ್ಲಿ ಓದಿದ ಸಂದೇಶ ಇದ್ದದ್ದು ಸರ್ವರಿನ ಸಂದೇಶ ಲಾಗಿನಲ್ಲಿ, ಅದು ಮನುಷ್ಯರು ಓದಲು ಇರುವ ಕಡತ, ಹಳೆಯದನ್ನು ಅಳಿಸಬಹುದು. ವಹಿವಾಟು ಲಾಗ್ ಸರ್ವರ್ ಓದಲು ಇರುವ ಕಡತ. ಅದನ್ನು ಕೈಯಿಂದ ಮುಟ್ಟಬಾರದು.

"ಲಾಗ್ ಇದ್ದರೆ ಬ್ಯಾಕಪ್ ಬೇಡ." ಲಾಗ್ ಬದಲಾವಣೆಯನ್ನು ಹೇಳುತ್ತದೆ, ಯಾವುದರ ಮೇಲೆ ಬದಲಾವಣೆ ಎಂಬ ಮೂಲಪ್ರತಿ ಬೇರೆಯೇ ಬೇಕು. ಮೂಲಪ್ರತಿ ಮತ್ತು ಅಲ್ಲಿಂದ ಮುಂದಿನ ಎಲ್ಲ ಲಾಗ್ ಎರಡೂ ಇದ್ದರೆ ಬೇಕಾದ ಹೊತ್ತಿನ ಸ್ಥಿತಿಗೆ ಮರಳಬಹುದು.

"ಎಲ್ಲ ತಂತ್ರಾಂಶಗಳಲ್ಲೂ ಹೀಗೇ." ತತ್ವ ಒಂದೇ, ವಿವರ ಬೇರೆ. ಎಸ್‌ಕ್ಯೂಎಲ್ ಸರ್ವರಿನ ಪೂರ್ಣ ಚೇತರಿಕೆ ಮಾದರಿಯಲ್ಲಿ ಲಾಗಿನ ಬ್ಯಾಕಪ್ ತೆಗೆಯದಿದ್ದರೆ ಲಾಗ್ ಬೆಳೆಯುತ್ತಲೇ ಇರುತ್ತದೆ. ಡಿಬಿ2ನಲ್ಲಿ ಕಮಿಟ್ ಆಗದೆ ಉಳಿದ ಒಂದು ಉದ್ದ ವಹಿವಾಟು ಲಾಗನ್ನು ತುಂಬಿಸಬಲ್ಲದು. ಒರಾಕಲ್‌ನಲ್ಲಿ ಟೇಬಲ್‌ಸ್ಪೇಸ್ ಎಂದರೆ ಕೇವಲ ಫೋಲ್ಡರಲ್ಲ, ಗಾತ್ರ ನಿಗದಿಯಾದ ಕಡತಗಳ ಗುಂಪು. ಯಾವ ತಂತ್ರಾಂಶದ ಬಗ್ಗೆ ಹೇಳುತ್ತಿದ್ದೇವೆ ಎಂಬುದನ್ನು ಪ್ರತಿಸಲವೂ ಸ್ಪಷ್ಟಪಡಿಸಬೇಕು.

ಹೋಲಿಕೆಯ ಮಿತಿಯನ್ನೂ ಹೇಳಿಬಿಡಬೇಕು. ಅಂಗಡಿಯ ಕಿರ್ದಿಯನ್ನು ಲೆಕ್ಕ ತಪಾಸಣೆಗಾಗಿ ವರ್ಷಗಟ್ಟಲೆ ಇಡುತ್ತಾರೆ. ಲಾಗ್ ತುಂಡುಗಳು ಕೆಲಸ ಮುಗಿದ ಮೇಲೆ ಮರುಬಳಕೆಯಾಗುತ್ತವೆ.

ಮೌಲ್ಯಮಾಪನ

1. ಕಮಿಟ್ ಸಾಲು ಡಿಸ್ಕಿಗೆ ಸೇರುವ ಮುನ್ನ "ಆಯಿತು" ಎಂದರೆ ಯಾರಿಗೆ ನಷ್ಟ? ಉದಾಹರಣೆಯೊಂದಿಗೆ ವಿವರಿಸಿ.
2. ಮೇಲಿನ ಕಿರ್ದಿಯಲ್ಲಿ 5ನೇ ಸಾಲಿನ ನಂತರ ಕರೆಂಟ್ ಹೋಗಿದ್ದರೆ ಅಂತಿಮ ಶಿಲ್ಕುಗಳೆಷ್ಟು? ಉತ್ತರ: ಅ 400, ಬ 400, ಕ 200, ಒಟ್ಟು 1000.
3. ಒಂದು ಕೋಷ್ಟಕದಿಂದ ಅರ್ಧದಷ್ಟು ಸಾಲು ಅಳಿಸಿದರೂ ಡಿಸ್ಕಿನಲ್ಲಿ ಜಾಗ ಹೆಚ್ಚಲಿಲ್ಲ. ಏಕೆ?
4. ‘ಪಿಜಿ_ವಾಲ್’ ಇರುವ ಡಿಸ್ಕ್ 95 ಪ್ರತಿಶತ ತುಂಬಿದೆ. ನೀವು ನೋಡುವ ಮೊದಲ ಮೂರು ಸಂಗತಿಗಳಾವುವು?

ನಾಲ್ಕನೆಯದಕ್ಕೆ ನಿರೀಕ್ಷಿತ ಉತ್ತರ: ಆರ್ಕೈವ್ ಆದೇಶ ಸೋಲುತ್ತಿದೆಯೇ, ಯಾರೂ ಬಳಸದ ರೆಪ್ಲಿಕೇಶನ್ ಸ್ಲಾಟ್ ಉಳಿದಿದೆಯೇ, ಉಳಿದ ಜಾಗ ಈ ವೇಗದಲ್ಲಿ ಎಷ್ಟು ಹೊತ್ತಿಗೆ ಮುಗಿಯುತ್ತದೆ. "ಹಳೆಯ ಕಡತ ಅಳಿಸುತ್ತೇನೆ" ಎಂಬ ಉತ್ತರ ಬಂದರೆ ಅಂಕ ಕಳೆದು ಮುಂದೆ ಹೋಗುವುದು ಸಾಲದು. ಆ ವಿದ್ಯಾರ್ಥಿಯ ಕೈಗೆ ಕಿರ್ದಿ ಕೊಟ್ಟು ಎರಡನೇ ಸುತ್ತನ್ನು ಮತ್ತೆ ಆಡಿಸಬೇಕು.

ಗೃಹಪಾಠ: ಮನೆಯ ಹತ್ತಿರದ ಅಂಗಡಿ ಅಥವಾ ಸಹಕಾರ ಸಂಘದಲ್ಲಿ ಲೆಕ್ಕ ಮೊದಲು ಎಲ್ಲಿ ಬರೆಯುತ್ತಾರೆ, ಆಮೇಲೆ ಎಲ್ಲಿಗೆ ಏರಿಸುತ್ತಾರೆ ಎಂದು ಕೇಳಿ, ಡೇಟಾಬೇಸಿನ ಕ್ರಮದೊಂದಿಗೆ ಎರಡು ಹೋಲಿಕೆ, ಎರಡು ವ್ಯತ್ಯಾಸ ಬರೆಯುವುದು.

ಪಾಠ ವೀಕ್ಷಿಸುವವರಿಗೆ

ಈ ಪಾಠವನ್ನು ವೀಕ್ಷಿಸುವ ಉಪನ್ಯಾಸಕರು ಆದೇಶಗಳ ಸಂಖ್ಯೆಯನ್ನೋ ಹಲಗೆಯ ಮೇಲಿನ ವ್ಯಾಖ್ಯೆಗಳನ್ನೋ ಎಣಿಸುವುದಕ್ಕಿಂತ ಎರಡು ಅಂಶ ಗಮನಿಸಿದರೆ ಒಳ್ಳೆಯದು. ಮೊದಲ ಸುತ್ತಿನ 100 ರೂಪಾಯಿ ನಷ್ಟವನ್ನು ತರಗತಿ ನಿಜವಾಗಿ ಅನುಭವಿಸಲು ಪ್ರಶಿಕ್ಷಣಾರ್ಥಿ ಸಮಯ ಕೊಟ್ಟರೇ, ಅಥವಾ ಉತ್ತರವನ್ನು ತಾವೇ ಹೇಳಿ ಮುಂದೆ ಓಡಿದರೇ? "ಮೊದಲು ಏನು, ಆಮೇಲೆ ಏನು, ಏಕೆ?" ಎಂಬ ಪ್ರಶ್ನೆಗೆ ಹಿಂದಿನ ಬೆಂಚಿನ ವಿದ್ಯಾರ್ಥಿ ತನ್ನ ಮಾತಿನಲ್ಲಿ ಉತ್ತರಿಸಿದನೇ? ಟೇಬಲ್‌ಸ್ಪೇಸ್ ಮಾಡುವ ಆದೇಶ ಮರೆತರೆ ಕೈಪಿಡಿ ತೆಗೆದು ನೋಡಬಹುದು. ಬರೆಯುವ ಕ್ರಮ ಮರೆತವನಿಗೆ ಕೈಪಿಡಿ ತೆಗೆಯಬೇಕೆಂದೂ ಹೊಳೆಯದು. ಅವನ ಕೈ ನೇರವಾಗಿ ಡಿಲೀಟ್ ಗುಂಡಿಗೆ ಹೋಗುತ್ತದೆ.